ಏರ್‌ಮನ್ ಒಬ್ಬರ ಪದಕಗಳನ್ನೂ ಸೇವಾ ಚರಿತ್ರೆಯನ್ನೂ ಒಟ್ಟಾಗಿ ಉಳಿಸುವುದು ಹೇಗೆ: ಕರಾವಳಿಯ ಕುಟುಂಬಗಳಿಗೊಂದು ಕೈಪಿಡಿ

ಮಂಗಳೂರು, ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಎಷ್ಟೋ ಮನೆಗಳಲ್ಲಿ, ಅಟ್ಟದ ಮೇಲೋ ಮಂಚದ ಕೆಳಗೋ, ಕಪ್ಪು ಬಣ್ಣ ಬಳಿದ ಒಂದು ಕಬ್ಬಿಣದ ಟ್ರಂಕು ಇರುತ್ತದೆ. ಅದರ ಮುಚ್ಚಳದ ಮೇಲೆ ಬಿಳಿ ಅಕ್ಷರಗಳಲ್ಲಿ ಒಂದು ಸಂಖ್ಯೆ, ಒಂದು ಹುದ್ದೆ, ಒಂದು ಹೆಸರು. ಒಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಕೆಲವು ಪದಕಗಳು, ಸೇವೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಗುಂಪು ಫೋಟೊಗಳು. ಭಾರತೀಯ ವಾಯುಪಡೆಯಲ್ಲಿ ಹದಿನೈದಿಪ್ಪತ್ತು ವರ್ಷ, ಅಧಿಕಾರಿ ದರ್ಜೆಗಿಂತ ಕೆಳಗಿನ ಸಿಬ್ಬಂದಿಯಾದ ಏರ್‌ಮನ್ ಆಗಿ ದುಡಿದು, ಊರಿಗೆ ಮರಳಿ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಎರಡನೆಯ ನೌಕರಿ ಹಿಡಿದವರ ಮನೆಗಳಿವು. ಅವರು ತೀರಿಕೊಂಡ ಮೇಲೆ ಪದಕಗಳು ಒಬ್ಬ ಮಗನ ಮನೆಗೂ ಕಾಗದಗಳು ಮಗಳ ಮನೆಗೂ ಹೋಗುತ್ತವೆ. ಫೋಟೊಗಳು ಎಲ್ಲಿ ಹೋದವೆಂದು ಯಾರಿಗೂ ನೆನಪಿರುವುದಿಲ್ಲ. ಪದಕವೊಂದು ಯಾವ ವರ್ಷ, ಯಾವ ಊರಿನಲ್ಲಿ, ಯಾವ ಕೆಲಸಕ್ಕಾಗಿ ಸಿಕ್ಕಿತು ಎಂಬುದನ್ನು ಹೇಳುವ ಕಾಗದ ಅದರ ಜೊತೆಗಿಲ್ಲದಿದ್ದರೆ, ಮೂರನೆಯ ತಲೆಮಾರಿನವರ ಕೈಯಲ್ಲಿ ಅದು ಬರಿಯ ಲೋಹದ ಬಿಲ್ಲೆಯಾಗಿ ಉಳಿಯುತ್ತದೆ. ಆದುದರಿಂದ ಪದಕವನ್ನೂ ಕಾಗದವನ್ನೂ ನೆನಪನ್ನೂ ಒಂದಕ್ಕೊಂದು ಜೋಡಿಸಿ, ಜೋಡಿಸಿದ್ದು ಬೇರೆಯಾಗದಂತೆ ನೋಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಟ್ರಂಕು ತೆರೆದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಏನನ್ನೂ ಉಜ್ಜದೆ, ಬೇರ್ಪಡಿಸದೆ, ಇದ್ದದ್ದನ್ನು ಇದ್ದ ಹಾಗೆಯೇ ದಾಖಲಿಸುವುದು. ಟ್ರಂಕಿನ ಮುಚ್ಚಳದ ಬರಹದಿಂದ ಆರಂಭಿಸಿ ಪ್ರತಿಯೊಂದು ವಸ್ತುವಿನ ಫೋಟೊ ತೆಗೆಯಿರಿ. ಯಾವ ಪದಕ ಯಾವ ಲಕೋಟೆಯಲ್ಲಿತ್ತು, ಯಾವ ಫೋಟೊ ಯಾವ ಪುಸ್ತಕದ ನಡುವೆ ಸಿಕ್ಕಿತು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ವಸ್ತುಗಳು ಒಟ್ಟಿಗಿದ್ದ ರೀತಿಯೇ ಕೆಲವೊಮ್ಮೆ ಸಾಕ್ಷ್ಯವಾಗುತ್ತದೆ. ಎಲ್ಲವನ್ನೂ ಮೇಜಿನ ಮೇಲೆ ಸುರಿದು ಒಂದೇ ಗಳಿಗೆಯಲ್ಲಿ ವಿಂಗಡಿಸಿದರೆ ಆ ಸಾಕ್ಷ್ಯ ಮತ್ತೆ ಸಿಗುವುದಿಲ್ಲ.

ಅಂಚಿನ ಬರಹವನ್ನು ಓದುವುದು

ಬಿಡಿಸಿ ನೋಡಿದಾಗ ಎಲ್ಲರ ಕಣ್ಣೂ ಪದಕದ ಮುಖದ ಮೇಲಿರುವ ಚಿತ್ರದ ಕಡೆಗೆ ಹೋಗುತ್ತದೆ. ನಿಜವಾದ ಮಾಹಿತಿ ಇರುವುದು ಅಂಚಿನಲ್ಲಿ. ಸರಕಾರದಿಂದ ಬಂದ ಗುಂಡನೆಯ ಸೇವಾ ಪದಕದ ಅಂಚಿನ ಸುತ್ತ ಸೇವಾ ಸಂಖ್ಯೆ, ಹುದ್ದೆ ಮತ್ತು ಹೆಸರು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತವೆ. ಕೆಲವದರಲ್ಲಿ ಟ್ರೇಡಿನ, ಅಂದರೆ ಅವರ ಕೆಲಸದ ವಿಭಾಗದ, ಸಂಕ್ಷೇಪವೂ ಇರುತ್ತದೆ. ನಕ್ಷತ್ರಾಕಾರದ ಪದಕಗಳಲ್ಲಿ ಇದನ್ನು ಹಿಂಬದಿಯಲ್ಲಿ ಹುಡುಕಬೇಕು. ದೀಪವನ್ನು ಒಂದು ಪಕ್ಕದಿಂದ ಓರೆಯಾಗಿ ಬೀಳಿಸಿ, ಭೂತಗನ್ನಡಿ ಹಿಡಿದು, ಪದಕವನ್ನು ನಿಧಾನವಾಗಿ ತಿರುಗಿಸುತ್ತ ಓದಿ, ಕಂಡ ಅಕ್ಷರಗಳನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಿ. ಹೆಸರಿನ ಕಾಗುಣಿತ ತಪ್ಪಾಗಿದ್ದರೆ ತಪ್ಪಾಗಿಯೇ ಬರೆಯಬೇಕು, ಏಕೆಂದರೆ ಕಚೇರಿಯ ಕಡತದಲ್ಲಿಯೂ ಅದೇ ಕಾಗುಣಿತ ಇರುವ ಸಾಧ್ಯತೆ ಇದೆ.

ಒಬ್ಬರದೇ ಪದಕಗಳಲ್ಲಿ ಹುದ್ದೆ ಬೇರೆ ಬೇರೆಯಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಒಂದರಲ್ಲಿ ಲೀಡಿಂಗ್ ಏರ್‌ಕ್ರಾಫ್ಟ್‌ಮನ್, ಇನ್ನೊಂದರಲ್ಲಿ ಕಾರ್ಪೊರಲ್, ಮತ್ತೊಂದರಲ್ಲಿ ಸಾರ್ಜೆಂಟ್ ಎಂದಿದ್ದರೆ ಅದು ಆ ವ್ಯಕ್ತಿ ಮೇಲೇರಿದ ದಾರಿಯ ಗುರುತು. ದಿನಾಂಕಗಳು ಕಳೆದುಹೋದಾಗ ಕ್ರಮವನ್ನು ಮತ್ತೆ ಕಟ್ಟಲು ಅದೇ ಆಧಾರ. ಹಳೆಯ ದಾಖಲೆಗಳಲ್ಲಿ ಕಾಣುವ ಫ್ಲೈಟ್ ಸಾರ್ಜೆಂಟ್ ಹುದ್ದೆ ಈಗ ಇಲ್ಲ. ಸಾರ್ಜೆಂಟಿನ ಮೇಲೆ ಈಗ ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್ ಹುದ್ದೆಗಳಿವೆ. ಸಂಖ್ಯೆ ಮಾತ್ರ ಎಲ್ಲ ಪದಕಗಳಲ್ಲಿಯೂ ಒಂದೇ ಆಗಿರಬೇಕು. ಅದು ಬೇರೆಯಾಗಿದ್ದರೆ ಆ ಪದಕ ಕುಟುಂಬದ ಇನ್ನೊಬ್ಬ ಸೈನಿಕರದೋ ಸಹೋದ್ಯೋಗಿಯದೋ ಆಗಿರಬಹುದು. ಅಂಚಿನಲ್ಲಿ ಏನೂ ಬರೆದಿಲ್ಲದ ಪದಕಗಳೂ ಬಹಳ ಮನೆಗಳಲ್ಲಿ ಇರುತ್ತವೆ. ರಿಬ್ಬನ್ ಧರಿಸುವ ಹಕ್ಕು ಸಿಕ್ಕಿ ವರ್ಷಗಳಾದರೂ ಪದಕ ಕೈಗೆ ಬಾರದಿದ್ದಾಗ, ಪರೇಡಿಗಾಗಿ ದಂಡುಪ್ರದೇಶದ ಅಂಗಡಿಗಳಿಂದ ಕೊಂಡು ತೊಟ್ಟ ಪ್ರತಿಗಳಿವು. ಇವನ್ನು ನಕಲಿ ಎಂದು ಎಸೆಯಬಾರದು. ಆ ವ್ಯಕ್ತಿ ನಿಜವಾಗಿ ಎದೆಯ ಮೇಲೆ ಧರಿಸಿದ್ದು ಇವನ್ನೇ. ಅಂಗಡಿಯ ಪ್ರತಿ ಎಂದು ಟಿಪ್ಪಣಿ ಬರೆದು ಜೊತೆಯಲ್ಲಿಯೇ ಇಡಿ.

ಯಾವ ಪದಕ, ಏತಕ್ಕೆ

ನಮ್ಮ ಕಡೆ ಏರ್‌ಫೋರ್ಸ್‌ನಲ್ಲಿ ಇದ್ದವರು ಎಂದೊಡನೆ ಪೈಲಟ್ ಎಂದೂ, ಪದಕ ಎಂದೊಡನೆ ಶೌರ್ಯಪ್ರಶಸ್ತಿ ಎಂದೂ ಭಾವಿಸುವ ರೂಢಿಯಿದೆ. ಮೊಮ್ಮಕ್ಕಳು ಪ್ರೀತಿಯಿಂದಲೇ ಹಾಗೆ ಹೇಳಿಕೊಳ್ಳುತ್ತಾರೆ, ಆದರೆ ಅದರಿಂದ ಅಜ್ಜನ ನಿಜವಾದ ಕೆಲಸ ಮರೆಯಾಗುತ್ತದೆ. ಏರ್‌ಮನ್‌ಗಳಲ್ಲಿ ಹೆಚ್ಚಿನವರು ಎಂಜಿನ್ ಫಿಟ್ಟರ್, ಏರ್‌ಫ್ರೇಮ್ ಫಿಟ್ಟರ್, ರೇಡಿಯೊ ಅಥವಾ ಇನ್‌ಸ್ಟ್ರುಮೆಂಟ್ ಕೆಲಸದವರು, ಶಸ್ತ್ರಾಸ್ತ್ರ ವಿಭಾಗದವರು, ವೈದ್ಯಕೀಯ ಸಹಾಯಕರು, ಕ್ಲರ್ಕ್‌ಗಳು. ಅವರು ಸಹಿ ಹಾಕದೆ ವಿಮಾನ ನೆಲ ಬಿಡುತ್ತಿರಲಿಲ್ಲ ಎಂಬುದೇ ಸಾಕಷ್ಟು ದೊಡ್ಡ ಮಾತು. ಅದಕ್ಕೆ ಇನ್ನೊಂದನ್ನು ಸೇರಿಸುವ ಅಗತ್ಯವಿಲ್ಲ.

ಶೌರ್ಯಪ್ರಶಸ್ತಿ ನಿಜವಾಗಿಯೂ ಬಂದಿದ್ದರೆ ಅದನ್ನು ಪತ್ತೆಹಚ್ಚುವುದು ಸುಲಭ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳು 1950ರಲ್ಲಿ ಸ್ಥಾಪನೆಯಾದವು. ಈಗ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಎಂಬ ಹೆಸರಿನವು 1952ರಲ್ಲಿ ಒಂದೇ ಪ್ರಶಸ್ತಿಯ ಮೂರು ವರ್ಗಗಳಾಗಿ ಆರಂಭವಾಗಿ, 1967ರಲ್ಲಿ ಈಗಿನ ಹೆಸರು ಪಡೆದವು. ವಾಯುಸೇನಾ ಪದಕ ಆರಂಭವಾದದ್ದು 1960ರಲ್ಲಿ. ಇವೆಲ್ಲವೂ ಭಾರತದ ರಾಜಪತ್ರದಲ್ಲಿ ಪ್ರಕಟವಾಗಿರುತ್ತವೆ, ಮತ್ತು ಚಕ್ರ ಪ್ರಶಸ್ತಿಗಳನ್ನು ರಕ್ಷಣಾ ಸಚಿವಾಲಯದ ಶೌರ್ಯಪ್ರಶಸ್ತಿಗಳ ಜಾಲತಾಣದಲ್ಲಿ ಹೆಸರಿನಿಂದ ಹುಡುಕಬಹುದು.

ಹೆಚ್ಚಿನ ಟ್ರಂಕುಗಳಲ್ಲಿ ಸಿಗುವುದು ಸೇವಾ ಪದಕಗಳು. ಇವುಗಳ ಅರ್ಹತೆ ದಿನಾಂಕ ಮತ್ತು ಸ್ಥಳಗಳಿಗೆ ಕಟ್ಟುಬಿದ್ದಿರುವುದರಿಂದ ಚರಿತ್ರೆ ಬರೆಯುವವರಿಗೆ ಇವೇ ಹೆಚ್ಚು ಉಪಯುಕ್ತ. ಉದಾಹರಣೆಗೆ, ಕಾರ್ಕಳದ ಕಡೆಯ ಒಬ್ಬರು 1962ರಲ್ಲಿ ಸೇರಿ 1982ರ ನಂತರ ಬಿಡುಗಡೆಯಾದರು ಎಂದುಕೊಳ್ಳೋಣ. 1965ರ ಆಗಸ್ಟ್ 5ರಂದು ಕನಿಷ್ಠ 180 ದಿನಗಳ ಸೇವೆ ಮುಗಿಸಿದ್ದವರಿಗೆ ರಕ್ಷಾ ಪದಕ ದೊರೆಯಿತು, ಆದ್ದರಿಂದ ಅವರಲ್ಲಿ ಅದು ಇರಬೇಕು. ಅದೇ ವರ್ಷ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ ಕಾರ್ಯಾಚರಣೆಯ ಪ್ರದೇಶದಲ್ಲಿದ್ದರೆ ಸಮರ ಸೇವಾ ಸ್ಟಾರ್ ಕೂಡ ಇರಬಹುದು. 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ನಡುವಿನ ಸೇವೆಗೆ ಸಂಗ್ರಾಮ ಪದಕ. ಯುದ್ಧಕಾಲದಲ್ಲಿ ಪಶ್ಚಿಮದ ರಣರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದುದರಿಂದ ಸ್ವಾತಂತ್ರ್ಯದ 25ನೆಯ ವರ್ಷದ ಪದಕ, ಅನಂತರ 9 ವರ್ಷಗಳ ಮತ್ತು 20 ವರ್ಷಗಳ ದೀರ್ಘಸೇವಾ ಪದಕಗಳು. ಸೈನ್ಯ ಸೇವಾ ಪದಕವಿದ್ದರೆ ಅದರ ರಿಬ್ಬನ್ನಿನ ಮೇಲಿರುವ ಕ್ಲಾಸ್ಪ್ ಎಂಬ ಲೋಹದ ಪಟ್ಟಿಯನ್ನು ಓದಬೇಕು. ಜಮ್ಮು ಕಾಶ್ಮೀರ, ನೇಫಾ (ಈಗಿನ ಅರುಣಾಚಲ ಪ್ರದೇಶ), ಹಿಮಾಲಯ ಮುಂತಾಗಿ ಅವರು ಎಲ್ಲಿದ್ದರೆಂಬುದನ್ನು ಅದು ಹೇಳುತ್ತದೆ. ವಿದೇಶ ಸೇವಾ ಪದಕದ ಪಟ್ಟಿಯಲ್ಲಿ ದೇಶದ ಹೆಸರಿರುತ್ತದೆ. 1961–62ರಲ್ಲಿ ವಿಶ್ವಸಂಸ್ಥೆಯ ಪರವಾಗಿ ನಮ್ಮ ಕ್ಯಾನ್‌ಬೆರಾ ವಿಮಾನಗಳು ಕಾಂಗೋದಲ್ಲಿದ್ದವು, ಅವುಗಳೊಡನೆ ನೆಲದ ಸಿಬ್ಬಂದಿಯೂ ಹೋಗಿದ್ದರು.

ಹೀಗೆ ಸೇವೆಯ ವರ್ಷಗಳನ್ನು ಎದುರಿಗಿಟ್ಟುಕೊಂಡು ಇರಬೇಕಾದ ಪದಕಗಳ ಒಂದು ಪಟ್ಟಿ ಮಾಡಿ, ಅದನ್ನು ಕೈಯಲ್ಲಿರುವ ಪದಕಗಳೊಡನೆ ಹೋಲಿಸಿ. ಪಟ್ಟಿಯಲ್ಲಿದ್ದು ಟ್ರಂಕಿನಲ್ಲಿಲ್ಲದ ಪದಕವೇ ಮುಂದಿನ ಹುಡುಕಾಟಕ್ಕೆ ದಾರಿ. ಅದು ಕಳೆದುಹೋಗಿರಬಹುದು, ಅಥವಾ ಅವರಿಗೆ ಯಾವತ್ತೂ ತಲುಪದೆಯೇ ಇದ್ದಿರಬಹುದು.

ಕಾಗದಗಳು ಮತ್ತು ಹೆಸರಿನ ತೊಡಕು

ಕಾಗದಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಡಿಸ್ಚಾರ್ಜ್ ಬುಕ್. ಸೇರಿದ ಮತ್ತು ಬಿಡುಗಡೆಯಾದ ದಿನಾಂಕ, ಟ್ರೇಡ್, ನಡತೆ, ಪಡೆದ ಪದಕಗಳ ವಿವರ ಅದರಲ್ಲಿ ಸಿಗುತ್ತವೆ. ಪಿಂಚಣಿ ಆದೇಶ, ಮಾಜಿ ಸೈನಿಕರ ಗುರುತುಚೀಟಿ, ಕೋರ್ಸ್ ಪ್ರಮಾಣಪತ್ರಗಳು, ರಜೆಯ ಚೀಟಿಗಳು, ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳ ಅಂಚೆ ಮುದ್ರೆ, ಇವೆಲ್ಲ ವರ್ಗಾವಣೆಗಳ ಕ್ರಮವನ್ನು ತುಂಬಿಸುತ್ತವೆ. ಬೆಳಗಾವಿಯ ಸಾಂಬ್ರಾದಲ್ಲಿಯೋ ತಾಂಬರಂನಲ್ಲಿಯೋ ಜಾಲಹಳ್ಳಿಯಲ್ಲಿಯೋ ತರಬೇತಿ, ಆಮೇಲೆ ಸೂಲೂರು, ಕಾನ್ಪುರ, ಪಠಾಣ್‌ಕೋಟ್ ಎಂದು ಸಾಗುವ ಪಟ್ಟಿಯನ್ನು ಒಂದು ದೊಡ್ಡ ಹಾಳೆಯಲ್ಲಿ ವರ್ಷವಾರು ಬರೆದು, ಪ್ರತಿ ಸಾಲಿನ ಎದುರು ಅದಕ್ಕೆ ಆಧಾರವಾದ ಕಾಗದ ಯಾವುದೆಂದು ನಮೂದಿಸಿ. ಆಧಾರವಿಲ್ಲದೆ ಮನೆಯವರ ನೆನಪಿನಿಂದ ಬಂದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯುವುದು ಒಳ್ಳೆಯದು.

ಮನೆಯಲ್ಲಿ ಕಾಗದ ಇಲ್ಲದಿದ್ದರೆ ಏರ್‌ಮನ್‌ಗಳ ದಾಖಲೆಗಳಿಗಾಗಿ ನವದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿರುವ ಏರ್‌ಫೋರ್ಸ್ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಸೇವಾ ಸಂಖ್ಯೆ, ಹೆಸರು, ಹುದ್ದೆ, ಟ್ರೇಡ್, ಸೇರಿದ ಮತ್ತು ಬಿಟ್ಟ ವರ್ಷ, ನಿಮಗೂ ಅವರಿಗೂ ಇರುವ ಸಂಬಂಧದ ಪುರಾವೆ, ನಿಖರವಾಗಿ ಏನು ಬೇಕು ಎಂಬುದು, ಇಷ್ಟು ಪತ್ರದಲ್ಲಿರಲಿ. ತಲುಪದ ಪದಕಗಳ ಬಗೆಗಿನ ವಿಚಾರಣೆಯನ್ನೂ ಅಲ್ಲಿಗೇ ಮಾಡಬಹುದು. ಪತ್ರ ಬರೆಯುವ ಮೊದಲು ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಒಮ್ಮೆ ಕಾಣಿರಿ. ಇಂಥ ಪತ್ರವ್ಯವಹಾರದ ಪರಿಚಯ ಅಲ್ಲಿನವರಿಗೆ ಇರುತ್ತದೆ.

ನಮ್ಮ ಜಿಲ್ಲೆಗಳವರಿಗೆ ಇಲ್ಲಿ ಎರಡು ವಿಶೇಷ ತೊಡಕುಗಳಿವೆ. ಮೊದಲನೆಯದು ವಿಳಾಸದ್ದು. 1956ಕ್ಕೆ ಮೊದಲು ಸೇರಿದವರ ಕಾಗದದಲ್ಲಿ ಮದ್ರಾಸ್ ರಾಜ್ಯದ ಸೌತ್ ಕೆನರಾ ಎಂದಿರುತ್ತದೆ, 1973ರ ನವೆಂಬರ್‌ವರೆಗೆ ಮೈಸೂರು ರಾಜ್ಯ ಎಂದಿರುತ್ತದೆ, ಉಡುಪಿಯಂತೂ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಪತ್ರದಲ್ಲಿ ಅಂದಿನ ಮತ್ತು ಇಂದಿನ ವಿಳಾಸ ಎರಡನ್ನೂ ಕೊಡಿ. ಎರಡನೆಯದು ಇನ್ನೂ ಗಂಭೀರವಾದದ್ದು, ಹೆಸರಿನದು. ಅಳಿಯಸಂತಾನದ ಮನೆಗಳಲ್ಲಿ ಬರಿ (ಕುಲದ ಹೆಸರು) ತಾಯಿಯ ಕಡೆಯಿಂದ ಬರುವುದರಿಂದ ತಂದೆ ಪೂಜಾರಿ ಅಥವಾ ಸಾಲ್ಯಾನ್ ಆಗಿದ್ದು ಮಗ ಕೋಟ್ಯಾನ್ ಅಥವಾ ಸುವರ್ಣ ಆಗಿರುವುದು ನಮಗೆ ಸಹಜ. ದೆಹಲಿಯಲ್ಲಿ ಕಡತ ನೋಡುವವರಿಗೆ ಅದು ಇಬ್ಬರು ಸಂಬಂಧವಿಲ್ಲದವರ ಹೆಸರಿನಂತೆ ಕಾಣುತ್ತದೆ. ಇದರ ಮೇಲೆ, ಸೇರುವಾಗ ಮನೆತನದ ಹೆಸರನ್ನು ಬಿಟ್ಟು ಇನಿಷಿಯಲ್ ಮಾತ್ರ ಬರೆಸಿದವರೂ, ಡಿಸೋಜ ಎಂಬುದನ್ನು ಮೂರು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಬರೆಸಿಕೊಂಡವರೂ ಇದ್ದಾರೆ. ಆದಕಾರಣ ನಾಡಕಚೇರಿಯಿಂದ ವಂಶವೃಕ್ಷ ದೃಢೀಕರಣ ಪತ್ರವನ್ನು ಪಡೆದು, ಎರಡು ಹೆಸರೂ ಒಬ್ಬರವೇ ಎಂದು ಹೇಳುವ ಅಫಿಡವಿಟ್ ಮಾಡಿಸಿ, ಮೊದಲ ಪತ್ರದೊಡನೆಯೇ ಪ್ರತಿಗಳನ್ನು ಲಗತ್ತಿಸಿದರೆ ತಿಂಗಳುಗಟ್ಟಲೆಯ ಅಲೆದಾಟ ತಪ್ಪುತ್ತದೆ. ಮೂಲ ಪ್ರತಿಗಳನ್ನು ಮಾತ್ರ ಎಂದಿಗೂ ಅಂಚೆಗೆ ಹಾಕಬೇಡಿ.

ಹುಡುಕಾಟ ತಡವಾಯಿತೆಂದು ಕೈಬಿಡಬೇಕಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಹಿಂದಿರುಗಲಿಲ್ಲ. ಅವರು ಶತ್ರುವಿಮಾನವೊಂದನ್ನು ಎದುರಿಸಿ ಹೊಡೆದುರುಳಿಸಿದರೆಂಬ ಸಂಗತಿ ಎದುರು ಪಾಳಯದ ಹೇಳಿಕೆಗಳಿಂದ ಬಹುಕಾಲದ ಮೇಲೆ ಹೊರಬಂದು, 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಎಲ್ಲರ ಚರಿತ್ರೆಯಲ್ಲಿಯೂ ಇಂಥದ್ದು ಸಿಗುವುದಿಲ್ಲ, ಆದರೆ ಒಬ್ಬರ ಸೇವೆಯ ಸಾಕ್ಷ್ಯ ಅವರ ಟ್ರಂಕಿನ ಹೊರಗೂ ಇರುತ್ತದೆ ಎಂಬುದು ಎಲ್ಲರಿಗೂ ಅನ್ವಯಿಸುತ್ತದೆ. ಮಂಗಳೂರಿನ ಕದ್ರಿ ಗುಡ್ಡೆಯ ಯುದ್ಧ ಸ್ಮಾರಕಕ್ಕೆ ಜುಲೈ 26ರ ಕಾರ್ಗಿಲ್ ವಿಜಯ ದಿವಸದಂದು ಬರುವ ಹಿರಿಯ ಮಾಜಿ ಸೈನಿಕರಲ್ಲಿ ನಿಮ್ಮವರಿದ್ದ ವಾಯುಪಡೆ ಸ್ಟೇಷನ್ನಿನಲ್ಲಿಯೇ ದುಡಿದವರು ಸಿಗಬಹುದು. ಗುಂಪು ಫೋಟೊದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದುಹೋಗಿ, ನಿಂತವರ ಹೆಸರು ಕೇಳಿ.

ಆ ಏರ್‌ಮನ್ ಇನ್ನೂ ಬದುಕಿದ್ದರೆ ಕಾಗದದ ಕೆಲಸವನ್ನು ಬದಿಗಿಟ್ಟು ಮೊದಲು ಅವರೊಡನೆ ಕುಳಿತುಕೊಳ್ಳಬೇಕು. ಯುದ್ಧದ ಕಥೆ ಹೇಳಿ ಎಂದರೆ ಹೆಚ್ಚಿನವರು, ನಾನೇನು ಮಾಡಿದ್ದೇನೆ ಎಂದು ಸುಮ್ಮನಾಗುತ್ತಾರೆ. ಬದಲಿಗೆ ಪದಕವನ್ನೋ ಫೋಟೊವನ್ನೋ ಕೈಗಿಟ್ಟು, ಅಜ್ಜ, ಆಗ ನೀವು ಯಾವ ವಿಮಾನದ ಮೇಲೆ ಕೆಲಸ ಮಾಡುತ್ತಿದ್ದಿರಿ, ರಾತ್ರಿ ಪಾಳಿಯಲ್ಲಿ ಏನೇನು ಪರೀಕ್ಷಿಸುತ್ತಿದ್ದಿರಿ, ನಿಮ್ಮ ಸೆಕ್ಷನ್ನಿನ ವಾರಂಟ್ ಆಫೀಸರ್ ಯಾರು, ಊರಿಗೆ ಬರಲು ಯಾವ ರೈಲು ಹಿಡಿಯುತ್ತಿದ್ದಿರಿ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಮನೆಯ ಮಾತು ತುಳುವಾಗಲಿ, ಕೊಂಕಣಿಯಾಗಲಿ, ಬ್ಯಾರಿಯಾಗಲಿ, ಕುಂದಾಪುರದ ಕನ್ನಡವಾಗಲಿ, ಅದರಲ್ಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಬರಹಕ್ಕಿಳಿಸುವ ಕೆಲಸ ಆಮೇಲೆ ಮಾಡಬಹುದು.

ಕರಾವಳಿಯ ತೇವದಿಂದ ಕಾಪಾಡುವುದು

ದೆಹಲಿಯಲ್ಲಿಯೋ ಬೆಂಗಳೂರಿನಲ್ಲಿಯೋ ಐವತ್ತು ವರ್ಷ ಕೆಡದೆ ಉಳಿಯುವ ಪದಕ ಮಲ್ಪೆಯಲ್ಲಿ ಅಥವಾ ಸುರತ್ಕಲ್‌ನಲ್ಲಿ ಹಾಗೆ ಉಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ತೇವದಿಂದ ಭಾರವಾಗಿರುತ್ತದೆ, ಕಡಲಿನ ಸಮೀಪದ ಮನೆಗಳಲ್ಲಿ ಅದರೊಡನೆ ಉಪ್ಪಿನ ಅಂಶವೂ ಸೇರಿರುತ್ತದೆ. ತಾಮ್ರದ ಅಂಶವಿರುವ ಲೋಹಕ್ಕೆ ಹಸಿರು ಕಿಲುಬು ಹಿಡಿಯುವುದೂ, ರಿಬ್ಬನ್ನಿಗೆ ಬೂಷ್ಟು ಬರುವುದೂ, ಹಿಂಬದಿಯ ಉಕ್ಕಿನ ಪಿನ್ನು ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗುವುದೂ ಇದರಿಂದಲೇ. ಹಾಗಾಗಿ ಟ್ರಂಕು ತೆರೆದು ಮಾಡುವ ಕೆಲಸವನ್ನೆಲ್ಲ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ದಿನಗಳಿಗೆ ಇಟ್ಟುಕೊಳ್ಳಿ. ಆಟಿಯ ಮಳೆಯಲ್ಲಿ ತೆರೆದು ಮುಚ್ಚಿದರೆ ತೇವವನ್ನು ಒಳಗೆ ತುಂಬಿಸಿ ಬೀಗ ಹಾಕಿದಂತೆಯೇ.

ಹಿತ್ತಾಳೆಯ ದೀಪವನ್ನು ಹುಣಸೆಹುಳಿಯಿಂದ ತಿಕ್ಕುವ ಕೈಗಳು ಪದಕವನ್ನೂ ಹಾಗೆಯೇ ತಿಕ್ಕಲು ಮುಂದಾಗುತ್ತವೆ. ಇದನ್ನು ಖಂಡಿತ ಮಾಡಬಾರದು. ಹುಣಸೆಹುಳಿ, ಲಿಂಬೆ, ವಿಭೂತಿ, ಹಲ್ಲುಜ್ಜುವ ಪೇಸ್ಟು, ಬ್ರಾಸೊ, ಇವೆಲ್ಲವೂ ಲೋಹದ ಮೇಲ್ಪದರವನ್ನು ಸವೆಸುತ್ತವೆ. ಮೊದಲು ಅಳಿಯುವುದು ಅಂಚಿನ ಸಂಖ್ಯೆ ಮತ್ತು ಹೆಸರು. ಹೊಳೆಯುವ, ಆದರೆ ಯಾರದೆಂದು ತಿಳಿಯದ ಪದಕಕ್ಕಿಂತ ಕಂದು ಬಣ್ಣಕ್ಕೆ ತಿರುಗಿದ, ಹೆಸರು ಓದಲು ಬರುವ ಪದಕ ಸಾವಿರ ಪಾಲು ಮೇಲು. ಕೈಗೆ ಹತ್ತಿಯ ಕೈಗವಸು ಹಾಕಿಕೊಂಡು, ಮೃದುವಾದ ಒಣ ಕುಂಚದಿಂದ ಧೂಳು ತೆಗೆದರೆ ಹೆಚ್ಚಿನ ಪದಕಗಳಿಗೆ ಅಷ್ಟೇ ಸಾಕು. ಜಿಡ್ಡು ಇದ್ದರೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಯ ತುದಿಗೆ ಸ್ವಲ್ಪವೇ ತಾಗಿಸಿ, ರಿಬ್ಬನ್ನಿಗೆ ಮುಟ್ಟದಂತೆ ಒರೆಸಬಹುದು. ತಿಳಿಹಸಿರು ಪುಡಿ ಒರೆಸಿದಷ್ಟೂ ಮತ್ತೆ ಮತ್ತೆ ಬರುತ್ತಿದ್ದರೆ ಮನೆಮದ್ದು ಬಿಟ್ಟು, ಬೆಂಗಳೂರಿನಲ್ಲಿರುವ, ಪರಂಪರೆಯ ಸಂರಕ್ಷಣೆಯ ಸಂಸ್ಥೆಯಾದ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರದಂಥ ಕಡೆ ತಜ್ಞರ ಸಲಹೆ ಕೇಳಬೇಕು.

ರಿಬ್ಬನ್ ಹರಿದಿದ್ದರೂ ಎಸೆಯಬೇಡಿ. ಪೂರ್ಣ ಗಾತ್ರದ ಪದಕದ ರಿಬ್ಬನ್ 32 ಮಿಲಿಮೀಟರ್ ಅಗಲವಿರುತ್ತದೆ, ಹೊಸದು ದೆಹಲಿ ಕಂಟೋನ್ಮೆಂಟಿನ ಗೋಪಿನಾಥ್ ಬಜಾರಿನಂಥ ಕಡೆ ಸಿಗುತ್ತದೆ. ಹೊಸದನ್ನು ಹಾಕಿದರೂ ಹಳೆಯದನ್ನು ಬೇರೆ ಲಕೋಟೆಯಲ್ಲಿಟ್ಟು, ಯಾವ ಪದಕದ್ದೆಂದು ಪೆನ್ಸಿಲಿನಲ್ಲಿ ಬರೆದಿಡಿ.

ಇಡುವ ಪೆಟ್ಟಿಗೆ ಗಾಳಿಯಾಡದಂತೆ ಮುಚ್ಚಿಕೊಳ್ಳುವ ಪಾಲಿಪ್ರೊಪಿಲೀನ್ ಡಬ್ಬಿಯಾದರೆ ಉತ್ತಮ. ಪ್ರತಿ ಪದಕವನ್ನು ಆಮ್ಲರಹಿತ ಕಾಗದದಲ್ಲಿ, ಅದು ಸಿಗದಿದ್ದರೆ ಗಂಜಿಯಿಲ್ಲದ, ಚೆನ್ನಾಗಿ ತೊಳೆದು ಒಣಗಿಸಿದ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದಕ್ಕೊಂದು ತಾಗದಂತೆ ಇಡಿ. ದಿನಪತ್ರಿಕೆ, ರಬ್ಬರ್ ಬ್ಯಾಂಡ್, ಉಣ್ಣೆಯ ಬಟ್ಟೆ, ನುಸಿಗುಳಿಗೆ, ಪ್ಲೈವುಡ್ ಪೆಟ್ಟಿಗೆ, ಇವು ಪದಕದ ಬಳಿ ಸುಳಿಯಬಾರದು. ಇವುಗಳಿಂದ ಹೊರಡುವ ಆಮ್ಲ ಅಥವಾ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ತಾಮ್ರವನ್ನು ತಿನ್ನುತ್ತದೆ. ಡಬ್ಬಿಯೊಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಚೀಲಗಳನ್ನು ಹಾಕಿ, ಬಣ್ಣ ತಿರುಗಿದಾಗಲೆಲ್ಲ ಬದಲಿಸಿ. ಮಳೆಗಾಲದಲ್ಲಿ ಇದನ್ನು ಬೇಗ ಬೇಗ ಮಾಡಬೇಕಾಗುತ್ತದೆ. ಸಣ್ಣ ತೇವಮಾಪಕವೊಂದನ್ನು ಒಳಗಿಟ್ಟು ಶೇಕಡಾ 50ಕ್ಕಿಂತ ಕೆಳಗಿರುವಂತೆ ನೋಡಿಕೊಂಡರೆ ಬೂಷ್ಟಿನ ಭಯವಿಲ್ಲ.

ಕಾಗದಗಳ ವಿಷಯದಲ್ಲಿ ದೊಡ್ಡ ಅಪಾಯ ಗೆದ್ದಲಿಗಿಂತಲೂ ಲ್ಯಾಮಿನೇಷನ್. ಡಿಸ್ಚಾರ್ಜ್ ಬುಕ್ಕಿನ ಪುಟ ಬಿಚ್ಚಿ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸುವುದು ನಮ್ಮಲ್ಲಿ ಕಾಳಜಿಯ ಲಕ್ಷಣವೆಂದೇ ನಡೆದುಬಂದಿದೆ; ಆದರೆ ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ತೆಗೆಯಲಾಗದು, ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗದು. ಕಾಗದಗಳನ್ನು ಮಡಿಕೆ ಬಿಡಿಸಿ, ಪಿನ್ನುಗಳನ್ನು ತೆಗೆದು, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಳೆಗಳ ಒಳಗೆ ಚಪ್ಪಟೆಯಾಗಿ ಇಡಿ. ಕಾಗದಗಳನ್ನು 300 ಡಿಪಿಐ, ಫೋಟೊಗಳನ್ನು 600 ಡಿಪಿಐಯಲ್ಲಿ, ಹಿಂಬದಿಯ ಬರಹವೂ ಸೇರಿದಂತೆ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಸಂಬಂಧಿಕರ ಬಳಿ ಇರಿಸಿ. ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸುವ ಚಿತ್ರಗಳಲ್ಲಿ ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ಖಾತೆ, ಸೇವಾ ಸಂಖ್ಯೆ ಕಾಣದಂತೆ ಮುಚ್ಚಬೇಕು.

ಗೋಡೆಯಲ್ಲಿ ತೂಗುಹಾಕುವ ಆಸೆ ಇದ್ದರೆ ಫ್ರೇಮಿನ ಅಂಗಡಿಯವರಿಗೆ ಅಂಟು ಬಳಸಬಾರದೆಂದು, ರಿಬ್ಬನ್ನನ್ನು ಹತ್ತಿ ಬಟ್ಟೆಯ ಹಿನ್ನೆಲೆಗೆ ನೂಲಿನಿಂದ ಹೊಲಿಯಬೇಕೆಂದು, ಗಾಜು ಪದಕಕ್ಕೆ ತಾಗಬಾರದೆಂದು ಮೊದಲೇ ಹೇಳಿ. ಧರಿಸುವವರ ಎದೆಯ ನಡುವಿನ ಕಡೆಗೆ, ಅಂದರೆ ನೋಡುವವರ ಎಡಕ್ಕೆ, ಎಲ್ಲಕ್ಕಿಂತ ಹಿರಿಯ ಪದಕ ಬರಬೇಕು: ಶೌರ್ಯಪ್ರಶಸ್ತಿ ಮೊದಲು, ಅನಂತರ ಯುದ್ಧದ ಪದಕಗಳು, ಸ್ವಾತಂತ್ರ್ಯೋತ್ಸವದ ಮತ್ತು ದೀರ್ಘಸೇವೆಯ ಪದಕಗಳು ಕೊನೆಗೆ. ಮುರಕಲ್ಲಿನ ಹೊರಗೋಡೆ ಮಳೆಗಾಲದಲ್ಲಿ ನೀರು ಹೀರುವುದರಿಂದ, ಬಿಸಿಲು ಬೀಳದ ಒಳಗೋಡೆಯನ್ನೇ ಆರಿಸಿ.

ಕೊನೆಯದಾಗಿ ಹಂಚಿಕೆಯ ಪ್ರಶ್ನೆ. ಮಕ್ಕಳು ನಾಲ್ವರಿದ್ದರೆ ತಲಾ ಒಂದೊಂದು ಪದಕ ಎಂದು ಪಾಲು ಮಾಡುವ ಕುಟುಂಬಗಳಿವೆ, ಅದರ ಹಿಂದಿನ ಪ್ರೀತಿ ನಿಜವಾದದ್ದು. ಆದರೂ ಒಬ್ಬರನ್ನು ಪಾಲಕರೆಂದು ಒಪ್ಪಿ, ಅವರ ಹೆಸರನ್ನೂ ಅವರ ನಂತರ ಯಾರೆಂಬುದನ್ನೂ ಬರಹದಲ್ಲಿ ಇಟ್ಟು, ಉಳಿದವರಿಗೆ ವರ್ಷವಾರು ಚರಿತ್ರೆಯ ಪ್ರತಿಯನ್ನೂ ಸ್ಕ್ಯಾನ್‌ಗಳನ್ನೂ ಕೊಡುವುದೇ ಸರಿಯಾದ ದಾರಿ. ಪಾಲು ಈಗಾಗಲೇ ಆಗಿಹೋಗಿದ್ದರೆ ಪ್ರತಿ ಮನೆಯ ಡಬ್ಬಿಯಲ್ಲಿಯೂ ಇತರ ಪದಕಗಳ ಫೋಟೊ, ಅವುಗಳ ಅಂಚಿನ ಬರಹ, ಅವು ಯಾರ ಬಳಿ ಇವೆ ಎಂಬ ಪಟ್ಟಿ ಇರಲಿ. ಮುಂದೆ ನೋಡಿಕೊಳ್ಳುವವರು ಯಾರೂ ಇಲ್ಲವೆನಿಸಿದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಮೊದಲು ಪತ್ರ ಬರೆದು, ಅವರು ಸ್ವೀಕರಿಸುವರೇ ಎಂದು ತಿಳಿದುಕೊಳ್ಳಿ. ಕೊಡುವುದಾದರೆ ಪದಕಗಳನ್ನು ಮಾತ್ರ ಕೊಡದೆ ಡಿಸ್ಚಾರ್ಜ್ ಬುಕ್ಕಿನ ಪ್ರತಿ, ಫೋಟೊಗಳು, ಧ್ವನಿಮುದ್ರಣ ಎಲ್ಲವನ್ನೂ ಒಂದೇ ಕಟ್ಟಾಗಿ ಕೊಟ್ಟು, ಸ್ವೀಕೃತಿ ಪತ್ರವನ್ನು ಪಡೆದು ಮನೆಯ ಕಾಗದಗಳೊಡನೆ ಇರಿಸಿಕೊಳ್ಳಿ.